ಮೊದಲ ಓದು, ಆಮ್ಯಾಲ ಅಳು

ಕಂಪ್ಯೂಟರ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವಾಗ ಕೆಳಮನೆ ಮೌಶಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಬೆನ್ನು ನೆಟ್ಟಗೆ, ಗಾಜಿನ ಬಳೆಗಳು ಮುಂಗೈ ಮೇಲಕ್ಕೆ ಏರಿರುತ್ತಿದ್ದವು, ಕಣ್ಣು ಪರದೆಯ ಮೇಲೆ. ಮೇಷ್ಟರು ಬೆಂಚಿನ ಮೇಲೆ ಕೂರಿಸಿದ ಹುಡುಗಿಯ ಹಾಗೆ ಕಾಣುತ್ತಿದ್ದರು. ತಲೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು.

"ಯಾಕೆ ಮೌಶಿ ಹೀಗೆ ಕೂರ್ತೀರಿ, ಕೈ ಜೋಮು ಹಿಡಿಯಲ್ವಾ?" ಎಂದು ಒಂದು ಸಲ ಕೇಳಿದೆ.

"ಹಿಡೀಲಿ ಬಿಡವಾ. ಕೈ ಹೊರಗಿದ್ರ ಸುಮ್ನಿರಂಗಿಲ್ಲ ಅವು. ಏನರೆ ಒಂದು ಗುಂಡಿ ಒತ್ತತಾವು, ಅಲ್ಲಿಗೆ ಮುಗೀತು ಕಥಿ" ಅಂದರು.

ಅವರು ಕೆಲಸ ಮಾಡುತ್ತಿದ್ದುದು ವಡೋದರದ ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ. ಧಾರವಾಡದಲ್ಲಿ ಗಣಿತ ಓದಿ, ಮದುವೆಯಾಗಿ ಈ ಕಡೆ ಬಂದು, ಕಾರ್ಖಾನೆಯ ಲೆಕ್ಕದ ವಿಭಾಗ ಸೇರಿದವರು. ಲೆಕ್ಕವೆಂದರೆ ದುಡ್ಡಿನ ಲೆಕ್ಕವಲ್ಲ. ಟ್ರಾನ್ಸ್‌ಫಾರ್ಮರ್ ಕಟ್ಟುವುದಕ್ಕೆ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ಕಟ್ಟಿ, ಎಣ್ಣೆ ಎಲ್ಲಿ ಕಾಯುತ್ತದೆ, ಎಷ್ಟು ಕಾಯುತ್ತದೆ ಎಂದು ನೋಡುವ ಕೆಲಸ. ಆಗ ಇಡೀ ವಿಭಾಗಕ್ಕೆ ಒಂದೇ ಯಂತ್ರವಂತೆ, ಸರದಿ ಬರುವವರೆಗೆ ಕಾಯಬೇಕಂತೆ. ಹೊಸದರಲ್ಲಿ ಒಮ್ಮೆ, ಲೆಕ್ಕ ಮುಗಿಯುತ್ತಾ ಬಂದಿತ್ತೋ ಇಲ್ಲವೋ ನೋಡೋಣವೆಂದು ಯಾವುದೋ ಕೀಲಿ ಒತ್ತಿದರಂತೆ. ವಾರದ ಕೆಲಸ ಹೋಯಿತಂತೆ. "ಅವತ್ತಿಂದ ಈ ಕೈಗೆ ನಾನೇ ಪೊಲೀಸು" ಎನ್ನುತ್ತಿದ್ದರು.

ನಮ್ಮ ಅವರ ಪರಿಚಯವಾದದ್ದು ಒಂದು ಬದನೆಕಾಯಿಯಿಂದ. ನಮ್ಮವರಿಗೆ ಬ್ಯಾಂಕಿನಲ್ಲಿ ವಡೋದರಕ್ಕೆ ವರ್ಗವಾಗಿ ಗೋರ್ವಾದ ಈ ಫ್ಲ್ಯಾಟಿಗೆ ಬಂದಾಗ ಮಗಳು ಪಲ್ಲವಿ ಇನ್ನೂ ಪ್ರೈಮರಿ ಶಾಲೆಯವಳು. ನಾನು ತಿಪಟೂರು ಕಡೆಯವಳು. ಭಾಷೆ ಗೊತ್ತಿಲ್ಲದ ಊರು, ಸುತ್ತ ಯಾರೂ ಗೊತ್ತಿಲ್ಲ, ಸಾಮಾನು ಬಿಚ್ಚಿರಲಿಲ್ಲ, ದೇವರ ಮಂಟಪ ಇನ್ನೂ ಗೋಣಿಚೀಲದಲ್ಲೇ ಇತ್ತು. ಕೆಳಗಡೆ ಮೆಟ್ಟಿಲ ಹತ್ತಿರ ಯಾರೋ ಹೆಂಗಸು ತರಕಾರಿಯವನ ಜೊತೆ ಗುಜರಾತಿಯಲ್ಲಿ ಜಗಳವಾಡುತ್ತಿದ್ದರು. ಅವನು ಗಾಡಿ ತಳ್ಳಿಕೊಂಡು ಹೋದ ಮೇಲೆ ತಮಗೆ ತಾವೇ, "ಹಾಳಾಗಿ ಹೋಗ್ಲಿ, ಹುಳಕ ಬದನಿಕಾಯಿ ಕೊಟ್ಟು ಹ್ವಾದ" ಅಂದರು.

ನಾನು ಸೆರಗು ಸಿಕ್ಕಿಸಿಕೊಂಡಿದ್ದವಳು ಹಾಗೇ ಇಳಿದು ಹೋಗಿ, "ನೀವು ಕನ್ನಡದವರಾ?" ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲದ ಹೋದ್ರ ಬದನಿಕಾಯಿಗೆ ಇಷ್ಟು ಸಿಟ್ಟು ಬರ್ತಿತ್ತೇನು? ಬಾ ಒಳಗ, ಚಹಾ ಕುಡಿ" ಅಂದರು. ಹೊಸ ಊರಿನಲ್ಲಿ ಮೊದಲನೇ ದಿನವೇ ದೇವರು ಮಾತಿಗೊಬ್ಬರನ್ನು ಕೊಟ್ಟ. ಆ ದಿನ ಮಂಟಪ ಬಿಚ್ಚಿ ದೀಪ ಹಚ್ಚುವಾಗ ಅದನ್ನೇ ಹೇಳಿಕೊಂಡೆ.

ಕಟ್ಟಡದ ಗುಜರಾತಿ ಮಕ್ಕಳೆಲ್ಲ ಅವರನ್ನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವು ಅವರ ಕಡೆಯ ಪದ ಹಿಡಿದು ಮೌಶಿ ಅಂದೆವು. ಯಜಮಾನರು ತೀರಿಕೊಂಡು ಬಹಳ ವರ್ಷಗಳಾಗಿತ್ತು, ಮಕ್ಕಳಿರಲಿಲ್ಲ. ಸೂರತ್ತಿನಲ್ಲಿ ಅಣ್ಣನ ಮಗನೊಬ್ಬ ಇದ್ದ. ನಾನೊಮ್ಮೆ, ಏನೋ ಕೇಳಬೇಕೆಂದಲ್ಲ, ಬಳೆಗಳ ಕಡೆ ನೋಡಿದೆ. ತಕ್ಷಣ ಗೊತ್ತಾಯಿತು ಅವರಿಗೆ. "ಬಳಿ ನಾ ಸಣ್ಣಾಕಿ ಇದ್ದಾಗಿಂದ ಹಾಕ್ಕೊಂಡೀನವಾ. ಅವರು ಕೊಡಿಸಿದ್ದಲ್ಲ, ಅವರ ಜೋಡಿ ಹೋಗಾಕ" ಅಂದರು. ಅಷ್ಟೇ. ಮತ್ತೆ ಆ ಮಾತು ಬರಲಿಲ್ಲ.

ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದರು. ನನ್ನ ತಿಪಟೂರು ಕಡೆಯ ಮೆತ್ತನೆ ಮಾತು ಕೇಳಿದರೆ ತಮಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಶೇಂಗಾ ಚಟ್ನಿ ಕುಟ್ಟಿದ ದಿನ ಒಂದು ಡಬ್ಬಿ ಮೇಲೆ ಬರುತ್ತಿತ್ತು, ಆ ಡಬ್ಬಿಯನ್ನು ನಾನು ಖಾಲಿ ಕಳಿಸುತ್ತಿರಲಿಲ್ಲ. ಹಬ್ಬದ ದಿನಗಳಲ್ಲಿ ನಾನು ಮಡಿಯುಟ್ಟು ಅಡುಗೆ ಮಾಡುವವಳು, ನಮ್ಮ ಅತ್ತೆಯವರಿಂದ ಬಂದ ಅಭ್ಯಾಸ. ಅಂಥ ದಿನ ಮೌಶಿ ಬಂದರೆ ಅಡುಗೆಮನೆಯ ಹೊಸ್ತಿಲ ಆಚೆ ನಿಂತು, "ಒಳಗ ಬರಬಹುದೇನವಾ, ಇಲ್ಲಾ ನಿನ್ನ ದೇವರು ಎದ್ದು ಓಡಿ ಹೋಗ್ತಾನೋ?" ಎಂದು ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಅವರು ಹೊಸ್ತಿಲಾಚೆಯೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಅವರದೊಂದು ಮಾತಿತ್ತು, ಎಲ್ಲದಕ್ಕೂ ಅದೇ: "ಮೊದಲ ಓದು, ಆಮ್ಯಾಲ ಅಳು." ಬಂದ ಹೊಸತರಲ್ಲಿ ಒಂದು ದಿನ ಬಾಗಿಲಿಗೆ ವಿದ್ಯುತ್ ಕಚೇರಿಯ ಚೀಟಿ ಅಂಟಿಸಿದ್ದರು, ಕೆಂಪು ಅಕ್ಷರ, ಗುಜರಾತಿ. ಇವರು ಆಫೀಸಿಗೆ ಹೋಗಿದ್ದರು. ಬಿಲ್ ಕಟ್ಟಿಲ್ಲವೆಂದು ಲೈನ್ ಕತ್ತರಿಸುತ್ತಾರೇನೋ ಎಂದು ನನಗೆ ಅಳುವೇ ಬಂತು. ಚೀಟಿ ಕಿತ್ತುಕೊಂಡು ಕೆಳಗೆ ಓಡಿದೆ. "ಮೊದಲ ಓದು, ಆಮ್ಯಾಲ ಅಳು" ಎಂದು ಕನ್ನಡಕ ಹಾಕಿಕೊಂಡರು. ಭಾನುವಾರ ಕಂಬದ ರಿಪೇರಿ, ಬೆಳಿಗ್ಗೆ ಕರೆಂಟ್ ಇರುವುದಿಲ್ಲ ಎಂದು ಬರೆದಿತ್ತು. "ಇದಕ್ಕ ಅತ್ತಿಯಲ್ಲ, ಅಳೂದ ಮಿಗಿಸಿ ಇಟಗೋ. ಮುಂದ ಬೇಕಾದೀತು" ಅಂದರು.

ವರ್ಷಗಳು ಹೋದವು. ನಮ್ಮವರಿಗೆ ಸೂರತ್ತಿಗೆ ವರ್ಗವಾಯಿತು. ಮಗಳ ಓದು ಇಲ್ಲೇ ನಡೆಯಲೆಂದು ನಾವಿಬ್ಬರು ಗೋರ್ವಾದಲ್ಲೇ ಉಳಿದೆವು, ಇವರು ಶನಿವಾರದ ರೈಲಿಗೆ ಬಂದು ಹೋಗುತ್ತಿದ್ದರು. ಪಲ್ಲವಿ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ ಮುಂದಿನ ಎರಡು ವರ್ಷದ ಓದಿಗೆ ಸೇರಿದಳು. ಮನೆಯಲ್ಲಿ ಅವಳ ಕನ್ನಡ ನನ್ನ ಮಾತಿಗೆ ಹ್ಞೂಂ ಎನ್ನುವಷ್ಟು, ಉಳಿದದ್ದೆಲ್ಲ ಗುಜರಾತಿ, ಹಿಂದಿ, ಇಂಗ್ಲಿಷು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡ ವಿಷಯ ಹೊಗೆ. ಕಾರ್ಖಾನೆಯ ಚಿಮಣಿಯಿಂದ ಹೊರಟದ್ದು ಮನೆಗಳ ನಡುವೆ ಹೇಗೆ ಹರಡುತ್ತದೆ, ಗಾಳಿ ಯಾವ ಕಡೆಗೆ ಬೀಸಿದರೆ ಯಾವ ಸಾಲಿನ ಮನೆಗಳಿಗೆ ಮೊದಲು ತಲುಪುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು. ಅವಳು ಚಿಕ್ಕವಳಿದ್ದಾಗ ಕೆಲವು ಸಂಜೆ ಎಲ್ಲಿಂದಲೋ ಮೂಗು ಸುಡುವ ವಾಸನೆ ಬರುತ್ತಿತ್ತು, ನಾನು ಓಡಿ ಓಡಿ ಕಿಟಕಿ ಹಾಕುತ್ತಿದ್ದೆ. "ಅಮ್ಮ, ಯಾವ ವಿಂಡೋ ಫಸ್ಟ್ ಹಾಕಬೇಕು ಅಂತ ನಾನು ಹೇಳ್ತೀನಿ, ನೋಡ್ತಾ ಇರು" ಎಂದಿದ್ದಳು. ನನಗೆ ಆ ಮಾತು ಬಹಳ ಹಿಡಿಸಿತ್ತು.

ಕಾಲೇಜಿನ ಸಾಫ್ಟ್‌ವೇರ್ ಕೆಲವೇ ಯಂತ್ರಗಳಲ್ಲಿತ್ತು, ಅಲ್ಲಿ ಹಿರಿಯರದೇ ಸರದಿ. ಪುಕ್ಕಟೆ ಸಿಗುವ ಇನ್ನೊಂದಿದೆ, ಅದನ್ನು ಮನೆಯಲ್ಲೇ ಹಾಕಿಕೊಂಡು ಮಾಡು ಎಂದರಂತೆ ಅವಳ ಗೈಡು. ನಮ್ಮವರು ಹಳೆಯದೊಂದು ಕಂಪ್ಯೂಟರ್ ತಂದುಕೊಟ್ಟರು. ಪ್ಲಗ್ ಇದ್ದದ್ದು ದೇವರ ಮಂಟಪದ ಪಕ್ಕ ಮಾತ್ರ, ಅಲ್ಲೇ ಮೇಜು ಹಾಕಿದೆವು. ಯಾವ ಕೆಲಸ ಶುರು ಮಾಡಿದರೂ ಮೊದಲು ಶ್ರೀ ಬರೆಯುವುದು ನಮ್ಮ ಮನೆಯ ಪದ್ಧತಿ. ಕಿರಾಣಿ ಚೀಟಿಗೂ ನಾನು ಶ್ರೀ ಹಾಕುತ್ತೇನೆ. "ಇದಕ್ಕೂ ಮೊದಲು ಶ್ರೀ ಬರಿ ಪುಟ್ಟಿ" ಅಂದೆ. "ಬರ್ದೆ ಅಮ್ಮ, ಕನ್ನಡದಲ್ಲೇ" ಅಂದಳು. ಅವಳಿಗೆ ಚೆನ್ನಾಗಿ ಬರೆಯಲು ಬರುತ್ತಿದ್ದ ಕನ್ನಡವೆಂದರೆ ಅದೊಂದೇ ಅಕ್ಷರ.

ಸಾಫ್ಟ್‌ವೇರ್ ಹಾಕುವುದೆಂದರೆ ಫೋನಿನಲ್ಲಿ ಹಾಕಿಕೊಂಡ ಹಾಗೆ ಎಂದು ನಾನು ತಿಳಿದಿದ್ದೆ. ಇದು ಹಾಗಲ್ಲ. ಅಡುಗೆಯ ಹಾಗೆ ಅದನ್ನು ಮನೆಯಲ್ಲೇ ಬೇಯಿಸಿಕೊಳ್ಳಬೇಕು. ಅದಕ್ಕೆ ಮೊದಲು ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು. ಗಂಟೆಗಟ್ಟಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡುತ್ತಿತ್ತು, ಆಮೇಲೆ ಕೆಂಪು ಬಂದು ನಿಲ್ಲುತ್ತಿತ್ತು. "ಚಾಲ್ತು ನಥಿ ಅಮ್ಮ" ಎನ್ನುತ್ತಿದ್ದಳು, ನಡೀತಿಲ್ಲ ಅಂತ. ಎಲ್ಲ ಅಳಿಸಿ ಮತ್ತೆ ಮೊದಲಿಂದ. ಮತ್ತೆ ಕೆಂಪು. ಗಣಪತಿ ಹಬ್ಬ ಹೋಯಿತು, ಪಿತೃಪಕ್ಷ ಹೋಯಿತು. ನವರಾತ್ರಿಗೆ ಬೀದಿಯಲ್ಲಿ ಗರ್ಬಾದ ಕಂಬ ನೆಟ್ಟರು. ಪ್ರತಿ ವರ್ಷ ಮೊದಲ ದಿನವೇ ಕುಣಿತಕ್ಕೆ ಉಡುವ ಚಣಿಯಾ ಚೋಳಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದ ಹುಡುಗಿ ಈ ವರ್ಷ ಬೀರು ತೆಗೆಯಲಿಲ್ಲ.

ದೀಪಾವಳಿ ರಜೆಗೆ ಮೊದಲು ಒಂದಾದರೂ ಚಿತ್ರ ತೋರಿಸಬೇಕು, ಇಲ್ಲವಾದರೆ ವಿಷಯ ಬಿಟ್ಟು ಹೊಸದು ಹಿಡಿಯಬೇಕು ಎಂದುಬಿಟ್ಟಿದ್ದರು ಗೈಡು. ಹೊಸದು ಹಿಡಿದರೆ ಇನ್ನೂ ಆರು ತಿಂಗಳು. ಪಲ್ಲವಿ ಅಷ್ಟಕ್ಕೆ ಕಾಯುವವಳಲ್ಲ. "ಬಸ್, ನಾನು ಬಿಡ್ತೀನಿ. ನನ್ನಂಥವಳಿಗೆ ಅಲ್ಲ ಇದು" ಅಂದಳು. ಇವರು ಸೂರತ್ತಿನಿಂದ ಫೋನಿನಲ್ಲಿ, "ಬಿಡಲಿ ಬಿಡೆ, ಒಂದು ಡಿಗ್ರಿ ಆಗಿದೆಯಲ್ಲ" ಅಂದರು. ಮಗಳು ಅತ್ತರೆ ಅವರಿಗೆ ತಡೆಯುವುದಿಲ್ಲ. ನನಗೂ ತಡೆಯುವುದಿಲ್ಲ. ಆದರೆ ನನ್ನಂಥವಳಿಗೆ ಅಲ್ಲ ಎಂದಳಲ್ಲ, ಅದು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಒಂದು ಸಲ ಹಾಗೆಂದುಕೊಂಡು ಎದ್ದರೆ ಜೀವಮಾನವೆಲ್ಲ ಎದ್ದುಕೊಂಡೇ ಹೋಗುತ್ತಾಳೆ.

ಕೆಳಗೆ ಹೋಗಿ, "ಮೌಶಿ, ಹುಡುಗಿ ಊಟ ಬಿಟ್ಟು ಅಳ್ತಾ ಕೂತಿದಾಳೆ. ಬಂದು ಒಂಚೂರು ಸಮಾಧಾನ ಮಾಡಿ" ಅಂದೆ.

"ಸಮಾಧಾನ ಮಾಡಾಕ ನನಗ ಬರಂಗಿಲ್ಲ. ಅಲ್ಲೇನು ಬಂದೈತಿ ಅಂತ ಓದಾಕ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಮೇಲೆ ಬಂದವರೇ ಮಗಳ ಪಕ್ಕ ಕುರ್ಚಿ ಹಾಕಿಸಿಕೊಂಡು ಬಳೆ ಏರಿಸಿದರು. "ಏನಂತೈತಿ ಅದು?"

"ಎರರ್ ಬರತ್ತೆ ಮೌಶಿ."

"ಅದು ನನಗೂ ಕಾಣ್ತೈತಿ. ಏನಂತೈತಿ?"

ಪಲ್ಲವಿ ಕೊನೆಯ ಸಾಲು ಓದಿದಳು. ಮೌಶಿ ತಲೆಯಾಡಿಸಿದರು. "ಕಡೀ ಸಾಲು ಬರೇ ಅಳೂ ಸಾಲು. ಅದರಾಗ ಏನೂ ಇರಂಗಿಲ್ಲ. ಮ್ಯಾಲೆ ಹೋಗು. ಇನ್ನೂ ಮ್ಯಾಲೆ. ಮೊದಲ ಎಲ್ಲಿ ಕೆಂಪಾತು, ಅಲ್ಲಿ ನಿಂದರು. ಈಗ ಜೋರಾಗಿ ಓದು, ನಿಮ್ಮವ್ವಗೂ ಕೇಳಬೇಕು."

ನನಗೆ ಕೇಳಿ ಏನು ತಿಳಿಯಬೇಕು. ಆದರೂ ಪಲ್ಲವಿ ಜೋರಾಗಿ ಓದಿದಳು. ಓದುತ್ತ ಓದುತ್ತ ಅವಳ ದನಿ ತಾನೇ ಸರಿಹೋಯಿತು. ಇಷ್ಟು ದಿನ ಅವಳು ಕೆಂಪು ಕಂಡ ಕೂಡಲೇ ಅಳಿಸುತ್ತಿದ್ದಳೇ ಹೊರತು ಅದು ಏನು ಹೇಳುತ್ತಿದೆ ಎಂದು ಒಮ್ಮೆಯೂ ಪೂರ್ತಿ ಓದಿರಲಿಲ್ಲವಂತೆ.

ಮೊದಲು ಸಿಕ್ಕ ತೊಂದರೆ ಬೆರಕೆಯದು. ಹಿಂದಿನ ವರ್ಷಗಳಲ್ಲಿ ಬೇರೆ ಬೇರೆ ಪಾಠಗಳಿಗೆಂದು ಬಳಸುತ್ತಿದ್ದ ಸಾಫ್ಟ್‌ವೇರನ್ನೆಲ್ಲ ಈ ಯಂತ್ರಕ್ಕೂ ಹಾಕಿಕೊಂಡಿದ್ದಳು. ಒಂದಕ್ಕೆ ಹಳೆಯ ವರ್ಷನ್ ಬೇಕು, ಇನ್ನೊಂದಕ್ಕೆ ಹೊಸದು, ಎರಡೂ ಒಂದೇ ಕಡೆ ಸೇರಿ ಕಿತ್ತಾಡುತ್ತಿದ್ದವು. ಮೌಶಿ ನನ್ನ ಕಡೆ ತಿರುಗಿ, "ಏನವಾ, ನಿನ್ನ ಮಡಿ ಅಡಿಗಿ ಹೆಂಗ ಮಾಡ್ತಿ, ಹೇಳು ಆಕಿಗೆ" ಅಂದರು.

ಮೌಶಿ ರೇಗಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಿಜವಾಗಿ ಕೇಳುತ್ತಿದ್ದರು. ಹೇಳಿದೆ: ಅವತ್ತಿಗೆ ಬೇರೆ ಪಾತ್ರೆ, ಬೇರೆ ಸೌಟು. ದಿನನಿತ್ಯದ ಡಬ್ಬಿಯಿಂದ ಉಪ್ಪು ಕೂಡ ತೆಗೆಯುವುದಿಲ್ಲ, ಹೊಸ ಪೊಟ್ಟಣ ಒಡೆಯುತ್ತೇನೆ. ಒಳಗೆ ಬೇಕಾದ್ದೆಲ್ಲ ಮೊದಲೇ ಒಳಗಿಟ್ಟುಕೊಂಡಿರುತ್ತೇನೆ. ಹೊರಗಿನದು ಒಳಗೆ ಬರುವುದಿಲ್ಲ, ಒಳಗಿನದು ಮುಗಿಯುವವರೆಗೆ ಹೊರಗೆ ಹೋಗುವುದಿಲ್ಲ.

"ಓ," ಅಂದಳು ಪಲ್ಲವಿ, "ಎನ್ವಿರಾನ್ಮೆಂಟ್."

"ಹೂಂ. ಇದಕ್ಕೂ ಹಂಗ ಒಂದು ಬ್ಯಾರೆ ಅಡಿಗಿಮನಿ ಮಾಡು. ಇದಕ್ಕ ಬೇಕಾದ್ದು ಅಷ್ಟ, ಬೇಕಾದ ವರ್ಷನ್ ಅಷ್ಟ. ಹಳೇ ಡಬ್ಬಿ ಮುಟ್ಟಬ್ಯಾಡ." ಆಮೇಲೆ ನನ್ನ ಕಡೆ ನೋಡದೆ, ಪರದೆ ನೋಡುತ್ತಲೇ ಅಂದರು, "ಮಡಿ ಮನಷ್ಯಾರಿಗೆ ಬ್ಯಾಡವಾ. ಯಂತ್ರಕ್ಕ ಇರ್ಲಿ. ಅದಕ್ಕ ಬೇಕಾಗೈತಿ."

ನಾನು ಒಳಗೆ ಹೋಗಿ ಚಹಾ ಇಟ್ಟೆ.

ಅಡುಗೆಮನೆ ಬೇರೆಯಾಯಿತು. ಅರ್ಧ ದಾರಿ ಚೆನ್ನಾಗಿ ಹೋಯಿತು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಕೆಂಪು, ಈ ಸಲ ಇನ್ನೂ ಮುಂದಿನ ಜಾಗದಲ್ಲಿ. ಪಲ್ಲವಿಯ ಕೈ ಅಳಿಸುವ ಕಡೆಗೆ ಹೋಯಿತು. ಮೌಶಿ ಅವಳ ಮಣಿಕಟ್ಟು ಹಿಡಿದರು. "ಓದು."

ಓದಿದಳು. ಅದೊಂದು ಫೈಲು ಸಿಗುತ್ತಿಲ್ಲ ಎನ್ನುತ್ತಿತ್ತು. ಫೈಲೋ ಅಲ್ಲೇ ಇತ್ತು. ಮೌಶಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಈ ಫೈಲಿನ ಹಾದಿಯೊಳಗ ನಡುವ ಚೌಕ ಚೌಕ ಬಂದೈತಲ್ಲ, ಏನದು?"

"ಅದಾ? ಅದು ಅಮ್ಮನ ಶ್ರೀ" ಅಂದಳು ಪಲ್ಲವಿ.

ನಡೆದದ್ದು ಇಷ್ಟು. ಮೊದಲು ಶ್ರೀ ಬರಿ ಎಂದಿದ್ದೆನಲ್ಲ, ಅವಳು ಶ್ರೀ ಎಂಬ ಹೆಸರಿನ ಫೋಲ್ಡರನ್ನೇ ಮಾಡಿ, ಕನ್ನಡ ಅಕ್ಷರದಲ್ಲಿ, ಇಡೀ ಕೆಲಸವನ್ನು ಅದರೊಳಗಿಟ್ಟಿದ್ದಳು. ಉಳಿದವೆಲ್ಲ ಹೇಗೋ ಸಹಿಸಿಕೊಂಡಿದ್ದವು. ಆ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಬಹಳ ಹಳೆಯ ಕಾಲದ ಒಂದು ಭಾಗವಿತ್ತು, ಅದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಶ್ರೀ ಬಂದ ಕೂಡಲೇ ದಾರಿ ತಪ್ಪುತ್ತಿತ್ತು. ಎಷ್ಟು ಸಲ ಎಲ್ಲ ಅಳಿಸಿದರೂ ಮತ್ತೆ ಶುರು ಮಾಡುವಾಗ ಅವಳು ಮೊದಲು ಮಾಡುತ್ತಿದ್ದುದು ಅದನ್ನೇ.

ಮೌಶಿ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಲ್ಲವಿಯೂ ನಕ್ಕಳು, ಅವಳು ನಕ್ಕು ತಿಂಗಳ ಮೇಲಾಗಿತ್ತು. ನನಗೆ ಮಾತ್ರ ನಗು ಬರಲಿಲ್ಲ. ದೇವರ ಹೆಸರು ಅಡ್ಡ ಬಂತು ಎಂದರೆ ಹೇಗೆ ನಗುವುದು. ತೆಗೆದರೆ ಇನ್ನೇನಾಗುತ್ತದೋ ಎಂದು ಒಂದು ಅಳುಕು. ಮಂಟಪ ಪಕ್ಕದಲ್ಲೇ ಇದೆ, ಅವನು ನೋಡುತ್ತಿದ್ದಾನೆ.

ಮೌಶಿ ನನ್ನ ಮುಖ ನೋಡಿದರು. ನಗು ನಿಲ್ಲಿಸಿದರು. "ತಗೀಬ್ಯಾಡ ಹುಡುಗಿ. ಅದರ ಜಾಗಾ ಬದಲ ಮಾಡು" ಅಂದರು. ಯಾವುದಾದ ಮೇಲೆ ಯಾವುದು ಹಾಕಬೇಕು ಎಂದು ಯಂತ್ರಕ್ಕೆ ಹೇಳುವ ಫೈಲೊಂದನ್ನು ತೆರೆಸಿದರು. ಮೇಲುಗಡೆ ಒಂದು ಖಾಲಿ ಸಾಲು ಮಾಡಿಸಿ, ಅದರ ಮುಂದೆ ಅಡ್ಡಗೆರೆ ಉದ್ದಗೆರೆ ಸೇರಿದ ಜಾಲರಿಯಂಥ ಒಂದು ಗುರುತು ಹಾಕಿಸಿದರು.

"ನೋಡವಾ," ಅಂದರು ನನಗೆ. "ಈ ಗುರ್ತು ಇದ್ದ ಸಾಲು ಯಂತ್ರ ಓದಂಗಿಲ್ಲ, ದಾಟಿ ಹೋಗ್ತೈತಿ. ಇದು ಮನಷ್ಯಾರು ಓದೂ ಸಾಲು. ನಾವು ನಮ್ಮ ಕಾರ್ಖಾನಿಯೊಳಗ ಇಲ್ಲೇ ಬರೀತಿದ್ವಿ, ಯಾಕ ಹಿಂಗ ಮಾಡೀವಿ, ಮುಂದ ಬರಾಂವ ಏನು ನೋಡ್ಕೋಬೇಕು ಅಂತ. ನಿನ್ನ ಶ್ರೀ ಇಲ್ಲಿರ್ಲಿ. ಎಲ್ಲಾಕ್ಕಿಂತ ಮ್ಯಾಲೆ ಇರತೈತಿ, ಯಾರಿಗೂ ಅಡ್ಡ ಬರಂಗಿಲ್ಲ."

ಪಲ್ಲವಿ ಅಲ್ಲಿ ಶ್ರೀ ಬರೆದಳು. ಫೋಲ್ಡರಿಗೆ ಹೊಗೆ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಳು. ನನ್ನ ಎದೆ ಹಗುರವಾಯಿತು. ತೆಗೆಯದೆ ಜಾಗ ತೋರಿಸುವವರನ್ನು ದೇವರೇ ಕಳಿಸಬೇಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್‌ಸ್ಟಾಲ್ ಆಯಿತು. ಕೆಂಪು ಬರಲಿಲ್ಲ. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಪಲ್ಲವಿ ಕೊನೆಯ ಸಾಲನ್ನು ಓದಿ, ನಂಬಿಕೆಯಾಗದೆ ಮೊದಲ ಸಾಲಿನಿಂದ ಓದಿದಳು.

ಮಾರನೆಯ ದಿನ ಮಹಾನವಮಿ. ಬೆಳಿಗ್ಗೆಯೇ ಮೌಶಿ ಬಂದು ನಿಜವಾದ ಲೆಕ್ಕ ಶುರು ಮಾಡಿಸಿದ್ದರು, ಗೋರ್ವಾದ ಒಂದು ಬೀದಿ, ಮನೆಗಳು, ಗಾಳಿ, ಹೊಗೆ, ಎಲ್ಲ ಸಂಖ್ಯೆಗಳಲ್ಲಿ. ಸಾಯಂಕಾಲದವರೆಗೆ ಓಡಬೇಕಂತೆ. ನಾನು ಆಯುಧ ಪೂಜೆಗೆ ಈಳಿಗೆಮಣೆ, ಕತ್ತರಿ, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲ ಜೋಡಿಸಿಕೊಂಡು ಕುಂಕುಮದ ಬಟ್ಟಲು ಹಿಡಿದು ನಿಂತೆ. ಪೂಜೆಗಿಟ್ಟ ಆಯುಧವನ್ನು ಅವತ್ತು ಬಳಸುವಂತಿಲ್ಲ. ಈ ಕಂಪ್ಯೂಟರ್ ಓಡುತ್ತಿದೆ. ಆರಿಸು ಎನ್ನಲು ಬಾಯಿ ಬರಲಿಲ್ಲ, ಬಿಡು ಎನ್ನಲು ಮನಸ್ಸು ಬರಲಿಲ್ಲ.

ಇವರು ರಜೆಗೆ ಬಂದಿದ್ದರು. "ಒಂದು ಗಂಟೆ ಆರಿಸಿ ಪೂಜೆ ಮಾಡ್ಬಿಡೇ" ಅಂದರು.

"ಪಪ್ಪಾ, ಆರಿಸಿದ್ರೆ ಎಲ್ಲ ಹೋಗತ್ತೆ" ಅಂದಳು ಪಲ್ಲವಿ.

ಮೌಶಿ ಕೇಳಿದರು, "ಮುಟ್ಟಬಾರದು, ಅಷ್ಟ ಅಲ್ಲೇನು ನಿಮ್ಮ ಶಾಸ್ತ್ರ?"

"ಹೌದು ಮೌಶಿ, ಇವತ್ತು ಮುಟ್ಟೋ ಹಾಗಿಲ್ಲ."

"ಮತ್ತ ಯಾರು ಮುಟ್ಟಾಕತ್ಯಾರ? ಮುಟ್ಟಲಾರದ ಓಡಾಕತ್ತೈತಿ. ಕುಂಕುಮ ಹಚ್ಚು ತಾಯಿ, ಗಾಳಿ ಹೋಗೂ ತೂತಿಗೆ ಮಾತ್ರ ಹಚ್ಚಬ್ಯಾಡ."

ಪೆಟ್ಟಿಗೆಯ ನೆತ್ತಿಗೆ ಕುಂಕುಮವಿಟ್ಟೆ, ಚೆಂಡುಹೂವಿಟ್ಟೆ. ಅದು ಒಳಗೆ ಗುಯ್ ಎನ್ನುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಪಲ್ಲವಿಗೆ ತಾನು ಗಾಳಿಯ ವೇಗ ತಪ್ಪು ಕೊಟ್ಟೆನೇನೋ ಎಂಬ ಅನುಮಾನ ಹತ್ತಿತು. "ನಿಲ್ಲಿಸಿ ಚೇಂಜ್ ಮಾಡ್ಲಾ ಮೌಶಿ? ಒಂದೇ ನಂಬರ್." "ಇವತ್ತ ಆಯುಧ ಪೂಜಿ. ನಿಮ್ಮವ್ವನ ಕೇಳು" ಅಂದರು ಮೌಶಿ. ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಮುಟ್ಟಬೇಡ. "ಕೈ ತೊಡಿ ಕೆಳಗ" ಅಂದರು ಮೌಶಿ. ಅವಳು ಇಟ್ಟುಕೊಂಡಳು. ಇಬ್ಬರೂ ಅಕ್ಕಪಕ್ಕ ಹಾಗೆ ಕೂತರು.

ಊಟದ ಹೊತ್ತಾಯಿತು. ನಾನು ಮಡಿಯಲ್ಲಿದ್ದೆ. ಮೌಶಿ ಎಂದಿನಂತೆ ಹೊಸ್ತಿಲಾಚೆ ಕುರ್ಚಿ ಎಳೆಯಲು ಹೋದರು. "ಒಳಗೆ ಬನ್ನಿ ಮೌಶಿ, ಒಲೆ ಪಕ್ಕ ಬಿಸಿಬಿಸಿ ಹಾಕ್ತೀನಿ, ಹೋಳಿಗೆ ಆರಿದರೆ ಚೆನ್ನಾಗಿರಲ್ಲ" ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಒಳಗೆ ಬಂದು ಕೂತರು. "ಓಡಿ ಹೋಗಲಿಲ್ಲ ನೋಡು ನಿನ್ನ ದೇವರು" ಅಂದರು, ಅಷ್ಟೇ.

ಸಂಜೆ ಗರ್ಬಾದ ಪೆಂಡಾಲಿನಲ್ಲಿ ಮೈಕು ಪರೀಕ್ಷೆ ಮಾಡುತ್ತಿದ್ದರು. ಅವರ ಅಷ್ಟೊಂದು ದೀಪದ ಭಾರಕ್ಕೂ ನಮ್ಮ ಕರೆಂಟ್ ಹೋಗಲಿಲ್ಲ, ಅದೊಂದು ದಯೆ. ಪರದೆಯ ಮೇಲೆ ಚಿತ್ರ ಬಂತು. ಚಿಮಣಿಯಿಂದ ಕೆಂಪು ಹೊರಟು, ಕಿತ್ತಳೆಯಾಗಿ, ಹಳದಿಯಾಗಿ, ಮೊದಲ ಸಾಲಿನ ಮನೆಗಳ ಮೇಲೆ ದಾಟಿ, ಹಿಂದಿನ ಸಾಲಿನಲ್ಲಿ ಸುತ್ತಿ ಸುತ್ತಿ ಇಳಿಯುತ್ತಿತ್ತು. ಮೌಶಿ ಮಂಟಪದಿಂದ ಉರಿಯುವ ಊದುಬತ್ತಿಯೊಂದನ್ನು ಕೇಳಿ ತೆಗೆದುಕೊಂಡು ಪರದೆಯ ಪಕ್ಕ ಹಿಡಿದರು. ಹೊಗೆ ಸ್ವಲ್ಪ ದೂರ ದಾರದ ಹಾಗೆ ನೆಟ್ಟಗೆ ಏರಿ, ಆಮೇಲೆ ಸುರುಳಿಯಾಯಿತು. "ಸೀದಾ ಹೋಗೂದು ನಾನೂ ಹೇಳ್ತೀನಿ, ನೀನೂ ಹೇಳ್ತಿ. ಈ ಸುರಳಿ ಐತಲ್ಲ, ಅದಕ್ಕ ಇಷ್ಟೆಲ್ಲಾ ಒದ್ದಾಟ" ಅಂದರು ನನಗೆ. ದಿನಾ ಊದುಬತ್ತಿ ಹಚ್ಚುವವಳು ನಾನು, ಅದನ್ನು ಅವತ್ತು ನೋಡಿದೆ.

ಅವತ್ತು ಪಲ್ಲವಿ ಚಣಿಯಾ ಚೋಳಿ ತೆಗೆದು, ಇಸ್ತ್ರಿಯನ್ನೂ ಮಾಡದೆ ಸುಕ್ಕುಸುಕ್ಕಾಗಿಯೇ ಉಟ್ಟು ಕೆಳಗೆ ಇಳಿದಳು.

ಗಾಳಿಯ ವೇಗ ತಪ್ಪಾಗಿರಲಿಲ್ಲ. ಗೈಡು ಚಿತ್ರ ನೋಡಿ ಮುಂದುವರಿಸು ಅಂದರು. ಅವಳು ಓದು ಮುಗಿಸಿದಳು. ಅಹಮದಾಬಾದಿನಲ್ಲಿ ಅದೇ ಬಗೆಯ ಕೆಲಸ ಸಿಕ್ಕಿತು, ಕಾರ್ಖಾನೆಗಳೊಳಗೆ ಗಾಳಿ ಹೇಗೆ ಆಡುತ್ತದೆ ಎಂದು ನೋಡುವುದು. ಶುಕ್ರವಾರ ಸಂಜೆಯ ರೈಲಿಗೆ ಬಂದರೆ ಮೊದಲು ಕೆಳಗಿನ ಬಾಗಿಲು ತಟ್ಟಿ ಆಮೇಲೆ ಮೇಲೆ ಬರುತ್ತಿದ್ದಳು. ಮೌಶಿಯ ಜೊತೆ ಮಾತಾಡಿ ಮಾತಾಡಿ ಅವಳ ಕನ್ನಡಕ್ಕೆ ಧಾರವಾಡ ಹತ್ತಿತು. "ಭಾಳ ಹಸಿವಾಗೈತಿ ಅಮ್ಮ" ಎಂದರೆ ನಮ್ಮವರು ಬೆಚ್ಚಿಬೀಳುತ್ತಿದ್ದರು.

ಅಂಥದೇ ಒಂದು ಶನಿವಾರ ಮೌಶಿ ಮೇಲೆ ಬಂದರು. ಕಂಬಿ ಹಿಡಿದು, ನಡುವೆ ನಿಂತು ನಿಂತು ಬಂದರು. ಕೆಲವು ದಿನಗಳಿಂದ ಊಟ ಸೇರುತ್ತಿರಲಿಲ್ಲ, ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಆಸ್ಪತ್ರೆಯ ಲಕೋಟೆಯನ್ನು ಪಲ್ಲವಿಯ ಕೈಗೆ ಕೊಟ್ಟರು. "ಅಕ್ಷರ ಭಾಳ ಸಣ್ಣು ಅದಾವು. ಓದು."

ಪಲ್ಲವಿ ಮಡಿಕೆ ಬಿಚ್ಚಿದಳು. ಕಣ್ಣು ಕೆಳಗಿನವರೆಗೆ ಓಡಿತು. ಮುಖ ಮುದುಡಿಕೊಂಡಿತು.

"ಮೊದಲ ಓದು, ಆಮ್ಯಾಲ ಅಳು" ಅಂದರು ಮೌಶಿ. ಎಂದಿನದೇ ದನಿ. "ಮ್ಯಾಲಿಂದ ಓದು. ಒಂದು ಸಾಲೂ ಬಿಡಬ್ಯಾಡ."

ಅವಳು ಓದಿದಳು. ಹೆಸರು, ವಯಸ್ಸು, ಎಲ್ಲದರಿಂದ ಶುರು ಮಾಡಿ. ಇಂಗ್ಲಿಷಿನ ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ಗೊತ್ತಿಲ್ಲದ ಪದ ಬಂದರೆ ಫೋನಿನಲ್ಲಿ ಹುಡುಕಿ ಹೇಳುತ್ತಿದ್ದಳು. ದನಿ ಎಲ್ಲೆಲ್ಲೋ ಒಡೆಯುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮೌಶಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗಿಟ್ಟುಕೊಂಡು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೇಳಿದರು.

ಮುಗಿಯಿತು. "ಆತು," ಅಂದರು. "ಈಗ ಅಳೂದಿದ್ರ ಅಳು." ಕೈ ಹೊರಗೆ ತೆಗೆದು ಪಲ್ಲವಿಯ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಚಹಾ ಇಡವಾ. ಇವತ್ತ ಸಕ್ರಿ ಹಾಕು" ಅಂದರು.

ಉಳಿದ ತಿಂಗಳುಗಳು ಊಟ ನಮ್ಮ ಮನೆಯಲ್ಲೇ. ಮೆಟ್ಟಿಲು ಹತ್ತುವಷ್ಟು ದಿನ ನಮ್ಮ ಅಡುಗೆಮನೆಯೊಳಗೆ ಒಲೆಯ ಪಕ್ಕ ಕೂತು ತಿಂದರು, ಹಬ್ಬವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಆಮೇಲೆ ನಾನು ತಟ್ಟೆ ಹಿಡಿದು ಕೆಳಗೆ ಹೋಗುತ್ತಿದ್ದೆ. ನೋವಿರುತ್ತಿತ್ತು. ಆದರೂ ಕೊನೆಯವರೆಗೆ ಮಾತು ಸ್ಪಷ್ಟವಾಗಿತ್ತು, ನನ್ನನ್ನು ಗುರುತು ಹಿಡಿಯುತ್ತಿದ್ದರು, ಬದನೆಕಾಯಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದರು. ಇಷ್ಟು ಬಿಟ್ಟುಕೊಟ್ಟನಲ್ಲ ಎಂದು ನಾನು ದೇವರಿಗೆ ಕೈ ಮುಗಿದಿದ್ದೇನೆ. ಸಂಕ್ರಾಂತಿಗೆ ಸ್ವಲ್ಪ ದಿನ ಮುಂಚೆ ಹೋದರು. ಸೂರತ್ತಿನ ಅಣ್ಣನ ಮಗ ಬಂದು ಎಲ್ಲ ಮಾಡಿದ. ಉತ್ತರಾಯಣದ ದಿನ ಇಡೀ ಊರು ಗಾಳಿಪಟ ಹಾರಿಸುತ್ತ ತಾರಸಿಯ ಮೇಲಿತ್ತು, ಮುಚ್ಚಿದ ಅವರ ಬಾಲ್ಕನಿಯ ಕಂಬಿಗೆ ಹಳದಿ ಗಾಳಿಪಟವೊಂದು ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು. ಬಿಡಿಸಲು ಯಾರೂ ಹೋಗಲಿಲ್ಲ.

ಈಚೆಗೆ ಅಹಮದಾಬಾದಿಗೆ ಮಗಳ ಬಾಡಿಗೆ ಮನೆಗೆ ಹೋಗಿದ್ದೆ. ಆಫೀಸಿನವರು ಹೊಸ ಯಂತ್ರ ಕೊಟ್ಟಿದ್ದರು, ಅದಕ್ಕೆ ಎಲ್ಲ ಮೊದಲಿಂದ ಹಾಕಬೇಕಿತ್ತು. ನಾನು ಸೊಪ್ಪು ಬಿಡಿಸುತ್ತ ಪಕ್ಕದಲ್ಲೇ ಕೂತೆ. ಅವಳು ಹಳೆಯ ಫೈಲು ತೆರೆದಳು. ಎಲ್ಲಕ್ಕಿಂತ ಮೇಲಿನ ಸಾಲು, ಜಾಲರಿ ಗುರುತು, ಶ್ರೀ. ಅದರ ಕೆಳಗೆ ಈಗ ಇನ್ನೊಂದು ಸಾಲಿತ್ತು, ಅದಕ್ಕೂ ಮುಂದೆ ಅದೇ ಗುರುತು. ಕನ್ನಡದಲ್ಲಿ, ಧಾರವಾಡದ್ದೇ ಕನ್ನಡದಲ್ಲಿ, ನಮ್ಮ ಮೌಶಿಯ ಮಾತು. ಇದು ನಿಮ್ಮ ಆಫೀಸಿನ ಬೇರೆಯವರಿಗೆ ಅರ್ಥವಾಗುತ್ತಾ ಎಂದು ಕೇಳಿದೆ. "ಕೇಳ್ತಾರೆ. ಹೇಳ್ತೀನಿ" ಅಂದಳು.

ಕೀಲಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಲು ಶುರುವಾಯಿತು. ಅವಳು ಕುರ್ಚಿಯ ಮೇಲೆ ಸರಿಯಾಗಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ನಾನು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನಾನೂ ಇಟ್ಟುಕೊಂಡೆ.